ಓದುಗರ ಪ್ರಶ್ನೆ: ಚಿತ್ರಪುಸ್ತಕದಲ್ಲಿ ರಂಜಾನಿನ ಮನೆ

ಕಳೆದ ತಿಂಗಳು ಹಬ್ಬಗಳ ಕುರಿತ ಮಕ್ಕಳ ಚಿತ್ರಪುಸ್ತಕಗಳ ಬಗ್ಗೆ ಬರೆದಾಗ ಸಂಕ್ರಾಂತಿ, ದೀಪಾವಳಿ, ಕ್ರಿಸ್‌ಮಸ್‌ಗಳ ಮಾತು ಬಂದಿತ್ತು. ರಂಜಾನ್, ಬಕ್ರೀದ್‌ಗಳ ಮಾತು ಬಂದಿರಲಿಲ್ಲ. ಅದನ್ನು ಎತ್ತಿ ತೋರಿಸಿ ಹಲವರು ಪತ್ರ ಬರೆದಿದ್ದಾರೆ. ಮುಸ್ಲಿಂ ಮನೆಯಲ್ಲಿ ಹುಟ್ಟಿ ಬೆಳೆದು, 22 ವರ್ಷ ಪ್ರಾಥಮಿಕ ಶಾಲೆಯಲ್ಲಿ ಕನ್ನಡ ಕಲಿಸಿದ ನಾನೇ ಅದನ್ನು ಬಿಟ್ಟದ್ದು ಸರಿಯಲ್ಲ. ಈ ಸಲದ ಪುಟಗಳನ್ನು ಪೂರ್ತಿಯಾಗಿ ಆ ಪತ್ರಗಳಿಗೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನನ್ನ ಮಗಳಿಗೆ 6 ವರ್ಷ. ಮನೆಯಲ್ಲಿ ದಖ್ಖನಿ ಉರ್ದು ಆಡುತ್ತೇವೆ, ಅವಳು ಓದುವುದು ಕನ್ನಡ ಮಾಧ್ಯಮದಲ್ಲಿ. ರಂಜಾನಿನ ಬಗ್ಗೆ ಇಂಗ್ಲಿಷಿನ ಎರಡು ಚಿತ್ರಪುಸ್ತಕ ತರಿಸಿದೆ. ಚಿತ್ರಗಳೇನೋ ಬಹಳ ಚೆಂದ, ಆದರೆ ಅವುಗಳಲ್ಲಿರುವುದು ಹಿಮ ಬೀಳುವ ಊರು, ಬೀದಿ ತುಂಬ ಬಣ್ಣದ ಲಾಂದ್ರ. ‘ಅಮ್ಮಿ, ಇದು ಯಾರ ಈದ್?’ ಎಂದು ಕೇಳಿದಳು. ನಮ್ಮ ಮನೆಯಂಥ ಮನೆ ಇರುವ ಕನ್ನಡ ಪುಸ್ತಕವನ್ನು ಹೇಗೆ ಹುಡುಕಲಿ? (ಒಬ್ಬ ತಾಯಿ, ಹುಬ್ಬಳ್ಳಿ)

ಉತ್ತರ: ನಿಮ್ಮ ಮಗಳ ಪ್ರಶ್ನೆಯನ್ನು ಎರಡು ಮೂರು ಸಲ ಓದಿದೆ. ಅವಳ ವಯಸ್ಸಿನಲ್ಲಿ ನನಗೆ ಹಾಗೆ ಕೇಳುವುದಕ್ಕೂ ಆಸ್ಪದವಿರಲಿಲ್ಲ. ನಾನು ಓದಿದ ಪಾಠದಲ್ಲಿ ಈದ್ ಹಬ್ಬಕ್ಕೆ ಸಿಕ್ಕಿದ್ದು ಒಂದು ವಾಕ್ಯ, ಪಕ್ಕದಲ್ಲಿ ಟೋಪಿ ಹಾಕಿದ ಇಬ್ಬರು ಗಂಡಸರು ಅಪ್ಪಿಕೊಂಡ ಒಂದು ಚಿತ್ರ. ನಸುಕಿನಿಂದ ಒಲೆಯ ಮುಂದೆ ನಿಂತಿದ್ದ ನನ್ನ ತಾಯಿಯಾಗಲಿ, ಹೊಸ ಲಂಗ ತೊಟ್ಟ ನನ್ನಂಥ ಹುಡುಗಿಯಾಗಲಿ ಆ ಚಿತ್ರದಲ್ಲಿ ಇರಲಿಲ್ಲ.

ನೀವು ಹೇಳಿದ ಬಣ್ಣದ ಲಾಂದ್ರವನ್ನು ಫಾನೂಸ್ ಎನ್ನುತ್ತಾರೆ. ಅದು ಈಜಿಪ್ಟಿನ ರಂಜಾನಿನ ಗುರುತು. ಕೈರೋದ ಬೀದಿಗಳಲ್ಲಿ ಮಕ್ಕಳು ಅದನ್ನು ಹಿಡಿದು ಓಡಾಡುವುದು ಅಲ್ಲಿನ ಹಳೆಯ ರೂಢಿ. ಇಂಗ್ಲಿಷ್ ಪುಸ್ತಕಗಳ ಚಿತ್ರಕಾರರು ಅದನ್ನು ಮತ್ತೆ ಮತ್ತೆ ಬರೆದು ಲೋಕದ ಎಲ್ಲ ರಂಜಾನ್‌ಗಳಿಗೂ ಅದೇ ಗುರುತೆನ್ನುವಂತೆ ಮಾಡಿದ್ದಾರೆ. ಹುಬ್ಬಳ್ಳಿಯ ಮಗು ಕಾಣುವ ರಂಜಾನ್ ಬೇರೆ. ನಸುಕಿನಲ್ಲಿ ಸಹರಿಗೆ, ಅಂದರೆ ಉಪವಾಸಕ್ಕೆ ಮುಂಚಿನ ಊಟಕ್ಕೆ ಎಬ್ಬಿಸಲು ಓಣಿಯಲ್ಲಿ ಕೂಗುತ್ತ ಹೋಗುವವನ ದನಿ, ಸಂಜೆ ಮಸೀದಿಯ ಸೈರನ್ನಿಗೆ ಕಿವಿಗೊಟ್ಟು ಖರ್ಜೂರವನ್ನು ಬೆರಳಲ್ಲಿ ಹಿಡಿದು ಕೂತ ಮನೆಮಂದಿ, ಉಪವಾಸ ಬಿಡುವ ಇಫ್ತಾರಿನ ತಟ್ಟೆಯಲ್ಲಿ ಕಲ್ಲಂಗಡಿಯ ಪಕ್ಕ ಮಿರ್ಚಿ ಭಜಿ, ರಾತ್ರಿಯ ತರಾವೀಹ್ ನಮಾಜು ಮುಗಿಸಿ ತಡವಾಗಿ ಬರುವ ಅಬ್ಬಾ, ಕೊನೆಯ ಸಂಜೆ ಮಾಳಿಗೆ ಹತ್ತಿ ಚಂದ್ರನನ್ನು ಹುಡುಕುವುದು, ಬೆಳಗಾದರೆ ಶಾವಿಗೆ, ಉತ್ತತ್ತಿ, ಕೊಬ್ಬರಿ ಹಾಕಿ ಹಾಲಿನಲ್ಲಿ ಕುದಿಸಿದ ಸುರಕುಂಬಾ, ಹಿರಿಯರ ಕೈಯಿಂದ ಸಿಗುವ ಈದಿಯ ಹೊಸ ನೋಟು. ಇವುಗಳಲ್ಲಿ ನಾಲ್ಕಾದರೂ ಒಂದು ಪುಸ್ತಕದಲ್ಲಿ ಕಂಡರೆ ನಿಮ್ಮ ಮಗಳು ‘ಇದು ಯಾರ ಈದ್’ ಎಂದು ಕೇಳಲಾರಳು.

‘ಮುಸ್ಲಿಂ ಮನೆ’ ಎಂಬ ಒಂದೇ ಬಗೆಯ ಮನೆ ನಮ್ಮ ರಾಜ್ಯದಲ್ಲಿ ಇಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ನಿಮ್ಮ ಮಗಳು ಅಮ್ಮಿ ಎಂದರೆ ಮಂಗಳೂರಿನ ಕಡೆಯ ಬ್ಯಾರಿ ಮಗು ಉಮ್ಮ ಎನ್ನುತ್ತದೆ. ಭಟ್ಕಳದ ನವಾಯತರಿಗೆ ಅವರದೇ ನುಡಿಯಿದೆ. ಪಿಂಜಾರ, ನದಾಫ ಮನೆಗಳಲ್ಲಿ ಎಷ್ಟೋ ಕಡೆ ಅವ್ವ, ಅಪ್ಪ ಎಂಬ ಕನ್ನಡವೇ ಮನೆಮಾತು. ಇಂಥ ಮನೆಗಳ ದೊಡ್ಡವರ ಬದುಕು ಕನ್ನಡ ಸಾಹಿತ್ಯದಲ್ಲಿ ಬಂದಿದೆ. ಸಾರಾ ಅಬೂಬಕ್ಕರ್, ಫಕೀರ್ ಮುಹಮ್ಮದ್ ಕಟ್ಪಾಡಿ, ಬೊಳುವಾರು ಮಹಮದ್ ಕುಂಞಿ ಬರೆದಿದ್ದಾರೆ; ಬಾನು ಮುಷ್ತಾಕ್ ಅವರ ಕಥೆಗಳಿಗೆ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿಯೂ ಬಂತು. ಅದೇ ಮನೆಯ ಐದಾರು ವರ್ಷದ ಮಗುವಿನ ಎತ್ತರಕ್ಕೆ ಬಗ್ಗಿ ನೋಡಿದ ಚಿತ್ರಪುಸ್ತಕ ಮಾತ್ರ ಕನ್ನಡದಲ್ಲಿ ನನ್ನ ಕೈಗೆ ಸಿಕ್ಕಿದ್ದು ತೀರ ಕಡಿಮೆ, ಮತ್ತು ಇದು ನನಗೆ ನೋವಿನ ಸಂಗತಿ.

ಹಾಗೆಂದು ಕೈಕಟ್ಟಿ ಕೂರಬೇಕಿಲ್ಲ. ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಆರಂಭಿಸಿದ ‘ಸ್ಟೋರಿವೀವರ್’ ಜಾಲತಾಣದಲ್ಲಿ ಕನ್ನಡವೂ ಸೇರಿದಂತೆ ಅನೇಕ ಭಾಷೆಗಳ ಚಿತ್ರಪುಸ್ತಕಗಳನ್ನು ಹಣ ಕೊಡದೆ ಓದಬಹುದು. ಅಲ್ಲಿನ ಕಥೆಗಳನ್ನು ಅನುವಾದಿಸುವುದಕ್ಕೂ, ನಮ್ಮ ಊರಿಗೆ ಹೊಂದುವಂತೆ ಬದಲಿಸುವುದಕ್ಕೂ, ಮೂಲದವರ ಹೆಸರು ಹಾಕಿ ಮುದ್ರಿಸುವುದಕ್ಕೂ ಪರವಾನಗಿ ಇದೆ. ಬೇರೆ ಭಾಷೆಯ ಒಂದು ಹಬ್ಬದ ಕಥೆಯನ್ನು ಆರಿಸಿ ಕನ್ನಡಕ್ಕೆ ತನ್ನಿ. ‘ಅಮ್ಮಿ’ಯನ್ನು ‘ಅಮ್ಮಿ’ ಎಂದೇ ಉಳಿಸಿ. ಇನ್ನೊಂದು ದಾರಿ ಇನ್ನೂ ಹತ್ತಿರದ್ದು. ನಾಲ್ಕು ಬಿಳಿ ಹಾಳೆಗಳನ್ನು ಒಟ್ಟಿಗೆ ಮಡಚಿ ನಡುವೆ ಹೊಲಿದರೆ 16 ಪುಟದ ಪುಸ್ತಕವಾಗುತ್ತದೆ. ನಿಮ್ಮ ಮನೆಯ ಒಂದು ಸಹರಿಯಿಂದ ಒಂದು ಇಫ್ತಾರಿನ ತನಕದ ದಿನವನ್ನು ಮಗಳೇ ಚಿತ್ರ ಬರೆಯಲಿ, ನೀವು ಪುಟಕ್ಕೆ ಎರಡು ಸಾಲು ಕನ್ನಡ ಬರೆಯಿರಿ. ನನ್ನ ಶಾಲೆಯಲ್ಲಿ ಮಕ್ಕಳು ಕೊಂಡು ತಂದ ಪುಸ್ತಕಗಳಿಗಿಂತ ಇಂಥ ಹೊಲಿದ ಪುಸ್ತಕಗಳೇ ಹೆಚ್ಚು ಕೈ ಬದಲಾಯಿಸಿ ಬೇಗ ಹರಿದುಹೋಗುತ್ತಿದ್ದವು.

ಪ್ರಶ್ನೆ: ಮೊಮ್ಮಕ್ಕಳಿಗೆ ಈದಿಯ ಜೊತೆಗೆ ಪುಸ್ತಕ ಕೊಡುವುದು ನಮ್ಮಲ್ಲಿ ರೂಢಿ. ಈಗಿನ ಪುಸ್ತಕಗಳಲ್ಲಿ ನೀತಿಯೇ ಕಾಣುವುದಿಲ್ಲ. ಹಿರಿಯರನ್ನು ಗೌರವಿಸು, ಇಲ್ಲದವರಿಗೆ ಕೊಡು ಎಂದು ಕೊನೆಯಲ್ಲಿ ಸ್ಪಷ್ಟವಾಗಿ ಬರೆದರೆ ತಪ್ಪೇನು? (ಒಬ್ಬ ನಿವೃತ್ತ ಗುಮಾಸ್ತರು, ವಿಜಯಪುರ)

ಉತ್ತರ: ಬರೆಯುವುದು ತಪ್ಪಲ್ಲ ಹಿರಿಯರೇ, ಆದರೆ ಮಗು ಆ ಸಾಲನ್ನು ಹಾರಿಸಿಬಿಡುತ್ತದೆ. ತರಗತಿಯಲ್ಲಿ ನಾನು ಗಟ್ಟಿಯಾಗಿ ಓದುವಾಗ ‘ನೀತಿ’ ಎಂಬ ಪದ ಬಂದ ಕೂಡಲೆ ಮಕ್ಕಳು ಚೀಲ ಮುಚ್ಚಲು ಶುರುಮಾಡುತ್ತಿದ್ದರು.

ಹಿಂದಿ ಕಥೆಗಾರ ಪ್ರೇಮಚಂದರ ‘ಈದ್ಗಾಹ್’ ಕಥೆ ನಿಮಗೆ ಗೊತ್ತಿರಬಹುದು. 1933ರಲ್ಲಿ ಪ್ರಕಟವಾದದ್ದು. ಹಾಮಿದ್ ಎಂಬ ನಾಲ್ಕೈದು ವರ್ಷದ ಅನಾಥ ಹುಡುಗ, ಅವನನ್ನು ಸಾಕುವ ಅಜ್ಜಿ ಅಮೀನಾ. ಈದ್ ದಿನ ಅವನ ಜೇಬಿನಲ್ಲಿ ಮೂರೇ ಪೈಸೆ. ಜೊತೆಯ ಹುಡುಗರು ಮಣ್ಣಿನ ಗೊಂಬೆ, ಮಿಠಾಯಿ ಕೊಂಡು ಅವನ ಮುಂದೆ ಹಿಡಿದು ಕಾಡುತ್ತಾರೆ. ರೊಟ್ಟಿ ಬೇಯಿಸುವಾಗ ಅಜ್ಜಿಯ ಬೆರಳು ಸುಡುವುದು ನೆನಪಾಗಿ ಅವನು ಕಬ್ಬಿಣದ ಇಕ್ಕಳ ಕೊಳ್ಳುತ್ತಾನೆ. ಮನೆಗೆ ಬಂದಾಗ ಅಜ್ಜಿ ಮೊದಲು ಬಯ್ಯುತ್ತಾಳೆ: ಹೊತ್ತೆಲ್ಲ ಏನೂ ತಿನ್ನದೆ ಇದನ್ನೇಕೆ ತಂದೆ ಎಂದು. ಆಮೇಲೆ ಅವಳು ಅಳುವುದು, ಆ ಅಳು ಹುಡುಗನಿಗೆ ಅರ್ಥವಾಗದಿರುವುದು. ‘ಹಿರಿಯರನ್ನು ಗೌರವಿಸು’ ಎಂಬ ಮಾತು ಇಡೀ ಕಥೆಯಲ್ಲಿ ಬೇಕಾಗಲಿಲ್ಲ. ಅದನ್ನು ಕೇಳಿದ ಮಗು ಮರುದಿನ ತನ್ನ ಮನೆಯ ಅಡುಗೆಮನೆಗೆ ಹೋಗಿ ಅಜ್ಜಿಯ ಬೆರಳುಗಳನ್ನು ನೋಡುತ್ತದೆ. ನಿಮ್ಮ ಮೊಮ್ಮಕ್ಕಳಿಗೆ ಮೊದಲು ಇದನ್ನೇ ಹೇಳಿ, ಪುಸ್ತಕ ಸಿಗದಿದ್ದರೆ ಬಾಯಿಮಾತಿನಲ್ಲೇ ಹೇಳಿ.

ದಾನದ ಬಗ್ಗೆಯೂ ಹಾಗೆಯೇ. ಈದ್ ನಮಾಜಿಗೆ ಮುಂಚೆ ಕೊಡುವ ಫಿತ್ರಾದ ಲೆಕ್ಕ ಮಕ್ಕಳ ಪುಸ್ತಕಕ್ಕೆ ಹೇಳಿ ಮಾಡಿಸಿದ ವಸ್ತು ಎಂದು ನಾನು ಬಹಳ ದಿನದಿಂದ ಅಂದುಕೊಂಡಿದ್ದೇನೆ. ಮನೆಯ ಯಜಮಾನ ತಲೆಗಿಷ್ಟು ಧಾನ್ಯ ಇಲ್ಲವೇ ಅದರ ಬೆಲೆ ಎಂದು ಎಲ್ಲರ ಪರವಾಗಿ ಕೊಡಬೇಕು. ತೊಟ್ಟಿಲ ಕೂಸಿನ ಲೆಕ್ಕವೂ ಅದರಲ್ಲಿ ಸೇರುತ್ತದೆ. ಹಬ್ಬದ ದಿನ ಊರಿನಲ್ಲಿ ಯಾರೂ ಹಸಿದಿರಬಾರದೆಂಬುದು ಅದರ ಉದ್ದೇಶ. ಮಗುವೊಂದು ಬೆರಳು ಮಡಚಿ ಮನೆಯವರನ್ನು ಎಣಿಸುತ್ತ, ನಿನ್ನೆ ಮೊನ್ನೆ ಹುಟ್ಟಿದ ತಮ್ಮನನ್ನು ಎಣಿಸಬೇಕೋ ಬೇಡವೋ ಎಂದು ತೊಡಕಿಗೆ ಬೀಳುವ 16 ಪುಟದ ಕಥೆಯನ್ನು ಯಾರಾದರೂ ಬರೆದರೆ, ಕೊಡುವುದೆಂದರೇನು ಎಂಬುದು ಆ ಎಣಿಕೆಯಲ್ಲೇ ಮಗುವಿಗೆ ತಿಳಿದುಬಿಡುತ್ತದೆ.

ಕುಟುಂಬದ ಕಥೆಯಲ್ಲಿ ಹಿರಿಯರು ಯಾವಾಗಲೂ ಸರಿಯಾಗಿಯೇ ಇರಬೇಕೆಂದೂ ಇಲ್ಲ. ಪಾಕಿಸ್ತಾನ ಮೂಲದ ಕೆನಡಾ ಲೇಖಕಿ ರುಖ್ಸಾನಾ ಖಾನ್ ಅವರ ‘ಬಿಗ್ ರೆಡ್ ಲಾಲಿಪಾಪ್’ 2010ರ ಇಂಗ್ಲಿಷ್ ಪುಸ್ತಕ. ಗೆಳತಿಯ ಹುಟ್ಟುಹಬ್ಬಕ್ಕೆ ತಂಗಿಯನ್ನೂ ಕರೆದೊಯ್ಯಬೇಕೆಂದು ತಾಯಿ ಹಟ ಹಿಡಿದು ಹಿರಿಯ ಮಗಳು ಅವಮಾನ ಅನುಭವಿಸುತ್ತಾಳೆ. ಮುಂದೆ ಅದೇ ಸರದಿ ತಂಗಿಗೆ ಬಂದಾಗ, ಪುಟ್ಟ ತಂಗಿಯನ್ನು ಅವಳ ಬೆನ್ನಿಗೆ ಕಟ್ಟಬೇಡವೆಂದು ತಾಯಿಯನ್ನು ಒಪ್ಪಿಸುವವಳು ಅದೇ ಅಕ್ಕ. ಹಬ್ಬದ ಹೆಸರೇ ಬಾರದ ಕಥೆ, ಆದರೂ ಒಡಹುಟ್ಟಿದವರ ಬಗ್ಗೆ ಇದಕ್ಕಿಂತ ನಿಜವಾದ ಚಿತ್ರಪುಸ್ತಕವನ್ನು ನಾನು ಹೆಚ್ಚು ಓದಿಲ್ಲ.

ಪ್ರಶ್ನೆ: ನನ್ನ ಮೂರನೆಯ ತರಗತಿಯ 27 ಮಕ್ಕಳಲ್ಲಿ ನಾಲ್ವರು ಮುಸ್ಲಿಮರು. ರಂಜಾನ್ ತಿಂಗಳಲ್ಲಿ ಆ ಹಬ್ಬದ ಪುಸ್ತಕವೊಂದನ್ನು ಎಲ್ಲರಿಗೂ ಓದಿ ಹೇಳಬೇಕೆಂದಿದ್ದೇನೆ. ಆ ನಾಲ್ವರಿಗೆ ಮುಜುಗರವಾದೀತೆಂಬ ಅಳುಕಿದೆ. ಕಳೆದ ವರ್ಷ ಒಬ್ಬ ಪೋಷಕರು ‘ಶಾಲೆಯಲ್ಲಿ ಧರ್ಮ ಕಲಿಸುತ್ತೀರಾ’ ಎಂದು ಕೇಳಿದ್ದರು. (ಒಬ್ಬ ಶಿಕ್ಷಕಿ, ಶಿವಮೊಗ್ಗ ಜಿಲ್ಲೆ)

ಉತ್ತರ: ಓದಿ ಹೇಳಿ. ಓದುವಾಗ ಆ ನಾಲ್ವರ ಕಡೆ ತಿರುಗಿ ‘ನಿಮ್ಮ ಮನೆಯಲ್ಲೂ ಹೀಗೇನಾ?’ ಎಂದು ಮಾತ್ರ ಕೇಳಬೇಡಿ. ಎಂಟು ವರ್ಷದ ಮಗುವಿನ ಮೇಲೆ ಇಡೀ ಸಮುದಾಯದ ಪರವಾಗಿ ಉತ್ತರಿಸುವ ಹೊರೆ ಬೀಳುತ್ತದೆ. ಅದರ ಮನೆಯಲ್ಲಿ ಹಾಗಿಲ್ಲದಿದ್ದರೆ ತಾನೇ ಏನೋ ತಪ್ಪಿದ್ದೇನೆಂದು ಅದು ಕುಗ್ಗುತ್ತದೆ. ತಾನಾಗಿ ಕೈ ಎತ್ತಿದರೆ ಸಂತೋಷದಿಂದ ಕೇಳಿಸಿಕೊಳ್ಳಿ.

ರೀಮ್ ಫಾರೂಕಿ ಅವರ ‘ಲೈಲಾಸ್ ಲಂಚ್‌ಬಾಕ್ಸ್’ ಎಂಬ 2015ರ ಇಂಗ್ಲಿಷ್ ಪುಸ್ತಕದ ಕಥೆಯನ್ನು ನೀವು ಕನ್ನಡದಲ್ಲಿ ಹೇಳಬಹುದು. ಅಬುಧಾಬಿಯಿಂದ ಅಮೆರಿಕದ ಜಾರ್ಜಿಯಾಕ್ಕೆ ಬಂದ ಹುಡುಗಿ ಮೊದಲ ಬಾರಿ ಉಪವಾಸ ಹಿಡಿಯುತ್ತಾಳೆ. ಊಟದ ಹೊತ್ತಿಗೆ ಏಕೆ ತಿನ್ನುತ್ತಿಲ್ಲವೆಂದು ತಾಯಿ ಬರೆದುಕೊಟ್ಟ ಚೀಟಿಯನ್ನು ಶಿಕ್ಷಕಿಯ ಕೈಗಿಡಲು ಅವಳಿಗೆ ಸಂಕೋಚ. ಕೊನೆಗೆ ಶಾಲೆಯ ಗ್ರಂಥಾಲಯದಲ್ಲಿ ಅವಳಿಗೆ ನೆರಳು ಸಿಗುತ್ತದೆ. ನಮ್ಮ ಶಾಲೆಗಳಲ್ಲಿ ಬಿಸಿಯೂಟದ ಗಂಟೆ ಹೊಡೆದಾಗ ಇದೇ ಸಂಕೋಚ ಎಷ್ಟು ಮಕ್ಕಳಿಗೆ ಆಗುತ್ತದೆಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕಥೆಯಲ್ಲಿರುವುದು ಹೊಸ ಊರಿಗೆ ಬಂದ ಮಗುವಿನ ನಾಚಿಕೆ; ಉಳಿದ 23 ಮಕ್ಕಳಿಗೂ ಅದು ಗೊತ್ತಿರುವ ನೋವೇ.

ಒಂದು ವಿವರ ನಿಮಗೆ ತಿಳಿದಿರಲಿ. ಪ್ರಾಯಕ್ಕೆ ಬರುವ ತನಕ ಮಕ್ಕಳಿಗೆ ಉಪವಾಸ ಕಡ್ಡಾಯವಲ್ಲ. ಎಷ್ಟೋ ಮಕ್ಕಳು ಆಸೆಪಟ್ಟು ಒಂದೋ ಎರಡೋ ಹಿಡಿಯುತ್ತಾರೆ, ಕೆಲವರು ಮಧ್ಯಾಹ್ನದ ತನಕ. ದಖ್ಖನಿ ಮನೆಗಳಲ್ಲಿ ಮಗುವಿನ ಮೊದಲ ಉಪವಾಸದ ದಿನ ‘ರೋಜಾ ಕುಷಾಯಿ’ ಎಂದು ಹೂಹಾರ ಹಾಕಿ ನೆಂಟರನ್ನು ಕರೆದು ಸಂಭ್ರಮಿಸುತ್ತಾರೆ. ಆದ್ದರಿಂದ ತರಗತಿಯಲ್ಲಿ ಒಂದು ಮುಸ್ಲಿಂ ಮಗು ಊಟ ಮಾಡುತ್ತಿದ್ದರೆ ‘ನೀನೇಕೆ ಹಿಡಿದಿಲ್ಲ’ ಎಂದು ಯಾರೂ ಕೇಳದಂತೆ ನೋಡಿಕೊಳ್ಳಿ.

ಪೋಷಕರ ಮಾತಿಗೆ ಬರುತ್ತೇನೆ. ಪ್ರಾರ್ಥನೆ ಮಾಡಿಸುವುದು ಬೇರೆ, ಪ್ರಾರ್ಥನೆ ಮಾಡುವ ಒಂದು ಮನೆಯ ಕಥೆ ಓದುವುದು ಬೇರೆ. ಸಂಕ್ರಾಂತಿಗೆ ಎಳ್ಳುಬೆಲ್ಲದ ಕಥೆ, ಡಿಸೆಂಬರಿನಲ್ಲಿ ಗೋದಲಿಯ ಕಥೆ ಓದುವ ಶಿಕ್ಷಕಿ ರಂಜಾನಿನಲ್ಲಿ ಸಹರಿಯ ಕಥೆ ಓದಿದರೆ ಅದು ಆ ವರ್ಷದ ಓದಿನ ಒಂದು ಭಾಗವಾಗುತ್ತದೆ. ವರ್ಷದ ಪುಸ್ತಕಗಳ ಪಟ್ಟಿಯನ್ನು ಪೋಷಕರ ಸಭೆಯಲ್ಲಿ ಮೊದಲೇ ಓದಿ, ಪುಸ್ತಕಗಳನ್ನು ಮೇಜಿನ ಮೇಲಿಟ್ಟು ತಿರುವಿ ನೋಡಲು ಬಿಡಿ. ನನ್ನ ಅನುಭವದಲ್ಲಿ ಪುಸ್ತಕವನ್ನು ಕೈಯಲ್ಲಿ ಹಿಡಿದು ನೋಡಿದ ಪೋಷಕರು ಜಗಳಕ್ಕೆ ಬಂದದ್ದು ಕಡಿಮೆ.

ಪ್ರಶ್ನೆ: ನಮ್ಮಲ್ಲಿರುವ ಪುಸ್ತಕದಲ್ಲಿ ರಂಜಾನ್ ಬೇಸಿಗೆಯ ಹಬ್ಬ ಎಂದಿದೆ. ನನ್ನ ತಾಯಿ ತಮ್ಮ ನೆನಪಿನಲ್ಲಿ ಅದು ಮಳೆಗಾಲದ್ದು ಎನ್ನುತ್ತಾರೆ. ಮಗನಿಗೆ ಏನು ಹೇಳಲಿ? (ಒಬ್ಬ ತಂದೆ, ತುಮಕೂರು)

ಉತ್ತರ: ಇಬ್ಬರೂ ತಾವು ಕಂಡದ್ದನ್ನೇ ಹೇಳಿದ್ದಾರೆ, ಪುಸ್ತಕ ಬರೆದವರು ಮಾತ್ರ ತಮ್ಮ ಒಂದು ವರ್ಷವನ್ನು ಎಲ್ಲ ವರ್ಷಕ್ಕೂ ಹಚ್ಚಿದ್ದಾರೆ. ಇಸ್ಲಾಮಿನ ಹಿಜರಿ ವರ್ಷ ಪೂರ್ತಿ ಚಂದ್ರನ ಲೆಕ್ಕದ್ದು, 354 ಅಥವಾ 355 ದಿನಗಳದ್ದು. ನಮ್ಮ ಪಂಚಾಂಗದ ತಿಂಗಳುಗಳೂ ಚಂದ್ರನವೇ ಆದರೂ, ಸೂರ್ಯನ ಲೆಕ್ಕಕ್ಕೆ ಸರಿತೂಗಲು ಎರಡೂವರೆ ಮೂರು ವರ್ಷಕ್ಕೊಮ್ಮೆ ಅಧಿಕಮಾಸ ಸೇರುತ್ತದೆ. ಅದಕ್ಕೇ ಯುಗಾದಿ ಮಾವು ಚಿಗುರುವ ಕಾಲ ಬಿಟ್ಟು ಕದಲುವುದಿಲ್ಲ. ಹಿಜರಿಯಲ್ಲಿ ಅಧಿಕಮಾಸವಿಲ್ಲ. ಹಾಗಾಗಿ ರಂಜಾನ್ ಪ್ರತಿವರ್ಷ ಸುಮಾರು 11 ದಿನ ಹಿಂದಕ್ಕೆ ಸರಿಯುತ್ತದೆ. ನಮ್ಮಲ್ಲಿ ಈದ್ 2024ರಲ್ಲಿ ಏಪ್ರಿಲ್ 11ಕ್ಕೆ, 2025ರಲ್ಲಿ ಮಾರ್ಚ್ 31ಕ್ಕೆ ಬಂತು. 2015ರ ಆಸುಪಾಸಿನಲ್ಲಿ ಅದು ಮುಂಗಾರಿನ ಹಬ್ಬ, 2000ದ ಆಸುಪಾಸಿನಲ್ಲಿ ಚಳಿಗಾಲದ್ದು. ಸುಮಾರು 33 ವರ್ಷಕ್ಕೆ ಒಂದು ಸುತ್ತು. ನಿಮ್ಮ ಮಗನೂ ಅವನ ಅಜ್ಜಿಯೂ ಒಂದು ಕ್ಯಾಲೆಂಡರ್ ಹಿಡಿದು ಕೂತು, ಅಜ್ಜಿಯ ಆ ಮಳೆಗಾಲದ ಈದ್ ಯಾವ ವರ್ಷದ್ದಿರಬಹುದೆಂದು ಲೆಕ್ಕ ಹಾಕಲಿ.

ಪ್ರಶ್ನೆ: ಬ್ಯಾರಿ ಮನೆಯೊಂದರ ಬಕ್ರೀದಿನ ಬಗ್ಗೆ ಚಿತ್ರಪುಸ್ತಕ ಬರೆಯುತ್ತಿದ್ದೇನೆ, ಗೆಳೆಯರೊಬ್ಬರು ಚಿತ್ರ ಬರೆಯುತ್ತಾರೆ. ಆ ಹಬ್ಬದ ಬಲಿಯನ್ನು, ಕುರ್ಬಾನಿಯನ್ನು ಐದು ವರ್ಷದವರಿಗೆ ಹೇಗೆ ಹೇಳುವುದು? ಪ್ರವಾದಿ ಇಬ್ರಾಹೀಮರನ್ನು ಚಿತ್ರಿಸಬಹುದೇ? (ಒಬ್ಬ ಓದುಗರು, ಮಂಗಳೂರು)

ಉತ್ತರ: ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ: ಚಿತ್ರಿಸಬೇಡಿ. ಪ್ರವಾದಿ ಮುಹಮ್ಮದರ ಚಿತ್ರವನ್ನು ಬರೆಯುವುದಂತೂ ಸಲ್ಲದು. ಇತರ ಪ್ರವಾದಿಗಳ ಚಿತ್ರವೂ ನಿಮ್ಮ ಓದುಗ ಮನೆಗಳಲ್ಲಿ ಬಹುಪಾಲು ಜನರಿಗೆ ಒಪ್ಪಿಗೆಯಾಗುವುದಿಲ್ಲ. ಇದನ್ನು ಅಡ್ಡಿಯೆಂದು ತಿಳಿಯದಿರಲು ನಿಮ್ಮ ಗೆಳೆಯರಿಗೆ ಹೇಳಿ. ಅಜ್ಜಿಯೊಬ್ಬರು ಜಗಲಿಯಲ್ಲಿ ಕೂತು ಇಬ್ರಾಹೀಮರ ಕಥೆಯನ್ನು ಹೇಳುತ್ತಿರಲಿ, ಚಿತ್ರ ಆ ಜಗಲಿಯನ್ನು ಬಿಟ್ಟು ಹೋಗದಿರಲಿ. ಕೇಳುತ್ತಿರುವ ಮಕ್ಕಳ ಮುಖ, ಅಜ್ಜಿಯ ಕೈ, ಹಿಂದೆ ತೆಂಗಿನ ತೋಟದ ಮೇಲೆ ಕವಿಯುವ ಮೋಡ. ಮಗನನ್ನೇ ಬಲಿ ಕೊಡುವ ಪರೀಕ್ಷೆಗೆ ಒಳಗಾದ ತಂದೆಯ ಮಾತು ಬಂದಾಗ ಮಕ್ಕಳಲ್ಲೊಬ್ಬ ತನ್ನ ತಂದೆಯ ಕೈಹಿಡಿದುಕೊಳ್ಳುವುದನ್ನು ಒಂದು ಪುಟದಲ್ಲಿ ತೋರಿಸಿದರೆ, ಮರುಭೂಮಿಯ ಯಾವ ಚಿತ್ರವೂ ಅಷ್ಟು ಹೇಳಲಾರದು. ಪ್ರವಾದಿಗಳ ಹೆಸರಿನ ಮುಂದೆ ಕನ್ನಡದ ಇಸ್ಲಾಮೀ ಬರವಣಿಗೆಯಲ್ಲಿ (ಸ), (ಅ) ಎಂಬ ಗೌರವದ ಸಂಕ್ಷೇಪ ಹಾಕುವ ಪದ್ಧತಿಯನ್ನು ಉಳಿಸಿಕೊಳ್ಳಿ. ಅಚ್ಚಿಗೆ ಕೊಡುವ ಮುನ್ನ ಕರಡನ್ನು ನಿಮ್ಮ ಮೊಹಲ್ಲಾದ ವಿದ್ವಾಂಸರೊಬ್ಬರಿಗೂ, ಪುಟ್ಟ ಮಗುವಿರುವ ತಾಯಿಯೊಬ್ಬರಿಗೂ ಓದಿ ಹೇಳಿ.

ಕುರ್ಬಾನಿಯ ವಿಷಯದಲ್ಲಿ ಸುಳ್ಳು ಹೇಳಬಾರದು, ಕತ್ತಿಯನ್ನೂ ತೋರಿಸಬೇಕಾಗಿಲ್ಲ. ಆಡಿಗೆ ಸೊಪ್ಪು ತಿನ್ನಿಸಿ ಹೆಸರಿಟ್ಟ ಮಗು ಆ ದಿನ ಅಳುತ್ತದೆ. ಹಲವು ಪುಸ್ತಕಗಳು ಈ ಅಳುವನ್ನು ದಾಟಿ ನೇರವಾಗಿ ಬಿರಿಯಾನಿಗೆ ಹೋಗುತ್ತವೆ. ಅದು ನನಗೆ ಸರಿಯೆನಿಸುವುದಿಲ್ಲ. ಪ್ರಿಯವಾದದ್ದನ್ನು ಬಿಟ್ಟುಕೊಡುವುದೇ ಆ ಹಬ್ಬದ ತಿರುಳಾದ್ದರಿಂದ ಮಗುವಿನ ಅಳುವಿಗೆ ಆ ಪುಸ್ತಕದಲ್ಲಿ ಜಾಗವಿರಲೇಬೇಕು. ಮಾಂಸವಾಗಲಿ ರಕ್ತವಾಗಲಿ ಅಲ್ಲಾಹನನ್ನು ತಲುಪುವುದಿಲ್ಲ, ತಲುಪುವುದು ನಿಮ್ಮ ಭಕ್ತಿ ಎಂಬ ಅರ್ಥದ ವಚನ ಕುರ್‌ಆನಿನ 22ನೆಯ ಅಧ್ಯಾಯದಲ್ಲಿದೆ. ಅದನ್ನು ಅಜ್ಜಿಯ ಬಾಯಲ್ಲಿ ಸರಳವಾಗಿ ಬರಿಸಿ. ಆಮೇಲೆ ಪಾಲು ಮಾಡುವ ದೃಶ್ಯ. ಮೂರು ಪಾಲಿನಲ್ಲಿ ಒಂದು ಮನೆಗೆ, ಒಂದು ನೆಂಟರಿಷ್ಟರಿಗೆ, ಒಂದು ಇಲ್ಲದವರಿಗೆ ಎಂಬ ರೂಢಿಯನ್ನು ಮಕ್ಕಳೇ ಪೊಟ್ಟಣ ಹೊತ್ತು ಮನೆ ಮನೆಗೆ ಹೋಗುವಂತೆ ತೋರಿಸಿ. ಯಾವ ಮನೆಯ ಬಾಗಿಲನ್ನು ಮೊದಲು ತಟ್ಟುತ್ತಾರೆಂಬುದರ ಮೇಲೆ ನಿಮ್ಮ ಕಥೆ ನಿಂತಿದೆ.

ಸಾಧ್ಯವಾದರೆ ಒಂದೇ ಪುಟದಲ್ಲಿ ಕನ್ನಡದ ಕೆಳಗೆ ಬ್ಯಾರಿಯನ್ನೂ ಕನ್ನಡ ಲಿಪಿಯಲ್ಲಿ ಕೊಡಿ. ಕರ್ನಾಟಕ ಬ್ಯಾರಿ ಸಾಹಿತ್ಯ ಅಕಾಡೆಮಿ ಇದೆ. ಪದಗಳ ಬರವಣಿಗೆಯ ಬಗ್ಗೆ ಅನುಮಾನವಿದ್ದರೆ ಅಲ್ಲಿ ವಿಚಾರಿಸಿ.

ಪ್ರಶ್ನೆ: ನಮ್ಮೂರಲ್ಲಿ ಮೊಹರಂ ಎಲ್ಲ ಜಾತಿಯವರ ಹಬ್ಬ. ನಾನು ಲಿಂಗಾಯತ ಮನೆಯವನು, ಚಿಕ್ಕವನಿದ್ದಾಗ ಮೊಹರಂ ಹರಕೆಯ ಫಕೀರನಾಗಿದ್ದೆ. ಇದನ್ನು ಮಕ್ಕಳ ಪುಸ್ತಕ ಮಾಡಬಹುದೇ? (ಒಬ್ಬ ಕೃಷಿಕರು, ಕೊಪ್ಪಳ ಜಿಲ್ಲೆ)

ಉತ್ತರ: ಮಾಡಬಹುದು, ನಿಮ್ಮಂಥವರೇ ಮಾಡಬೇಕು. ಕೊರಳಿಗೆ ಲಾಡಿಯ ದಾರ, ಬೆಂಕಿ ಹಾಕುವ ಅಲಾಯಿ ಕುಣಿಯ ಸುತ್ತ ಹೆಜ್ಜೆ, ಡೋಲಿ ಹೊರುವವರು, ಹುಲಿವೇಷ, ಓದಿಸಿ ತಂದ ಸಕ್ಕರೆ, ಅವ್ವ ಮಾಡಿದ ಸಿಹಿ ಚೊಂಗೆ, ಇವು ನಾನು ಕಂಡ ಯಾವ ಪಠ್ಯದಲ್ಲೂ ಈ ಬಣ್ಣದಲ್ಲಿ ಬಂದಿಲ್ಲ. ಎರಡು ಎಚ್ಚರ ಬೇಕು. ಮೊಹರಂ ಮೂಲದಲ್ಲಿ ಶೋಕದ ದಿನ, ಕ್ರಿ.ಶ. 680ರಲ್ಲಿ, ಹಿಜರಿ 61ರ ಮೊಹರಂ 10ರಂದು ಕರ್ಬಲಾದಲ್ಲಿ ಪ್ರವಾದಿಯವರ ಮೊಮ್ಮಗ ಹುಸೇನರು ಮಡಿದ ನೆನಪು. ಕರ್ಬಲಾದ ಕಥೆ ಹಾಡುವ ರಿವಾಯತ್ ಪದಗಳಲ್ಲಿ ಆ ಅಳು ಇನ್ನೂ ಇದೆ, ನಿಮ್ಮ ಪುಸ್ತಕದಲ್ಲೂ ಅದು ಕೇಳಿಸಬೇಕು. ಇನ್ನೊಂದು, ಪಂಜಾ, ಅಂದರೆ ಲೋಹದ ಹಸ್ತ ಕೂರಿಸುವ ಈ ಆಚರಣೆಯನ್ನು ಒಪ್ಪದ ಮುಸ್ಲಿಮರೂ ಬಹಳ ಇದ್ದಾರೆ. ಆದ್ದರಿಂದ ‘ಮುಸ್ಲಿಮರು ಹೀಗೆ ಆಚರಿಸುತ್ತಾರೆ’ ಎನ್ನದೆ ‘ನಮ್ಮೂರಲ್ಲಿ ಹೀಗೆ’ ಎಂದು ಬರೆಯಿರಿ. ಫಕೀರನಾಗಿದ್ದ ಆ ಹುಡುಗನೇ ಕಥೆ ಹೇಳಲಿ.

ಪ್ರಶ್ನೆ: ನಾವು ಅಮೆರಿಕದಲ್ಲಿರುವ ಕನ್ನಡಿಗರು. ಮಗಳ ಆಪ್ತ ಗೆಳತಿ ಮುಸ್ಲಿಂ ಹುಡುಗಿ, ಈದ್‌ಗೆ ಮನೆಗೆ ಕರೆದಿದ್ದಾಳೆ. ಹೋಗುವ ಮುನ್ನ ಯಾವ ಪುಸ್ತಕ ಓದಿಸಲಿ? (ಒಬ್ಬ ತಾಯಿ, ನ್ಯೂಜೆರ್ಸಿ)

ಉತ್ತರ: ನಿಮ್ಮಲ್ಲಿ ಆಯ್ಕೆ ಧಾರಾಳವಾಗಿದೆ. ದೊಡ್ಡ ಪ್ರಕಾಶನ ಸಂಸ್ಥೆಯೊಂದು ಮುಸ್ಲಿಂ ಮಕ್ಕಳ ಕಥೆಗಳಿಗೆಂದೇ 2016ರಲ್ಲಿ ‘ಸಲಾಮ್ ರೀಡ್ಸ್’ ಎಂಬ ಪ್ರತ್ಯೇಕ ಶಾಖೆಯನ್ನು ಘೋಷಿಸಿತು. ಹೆನಾ ಖಾನ್ ಅವರ 2008ರ ‘ನೈಟ್ ಆಫ್ ದ ಮೂನ್’ ಪುಸ್ತಕದಲ್ಲಿ ಪಾಕಿಸ್ತಾನ ಮೂಲದ ಅಮೆರಿಕನ್ ಹುಡುಗಿಯೊಬ್ಬಳು ಚಂದ್ರ ಬೆಳೆದು ಕರಗುವುದನ್ನು ನೋಡುತ್ತ ರಂಜಾನ್ ಕಳೆಯುತ್ತಾಳೆ. ಗ್ರಂಥಾಲಯದಲ್ಲಿ ಸಿಕ್ಕರೆ ತನ್ನಿ. ಚಿತ್ರಗಳನ್ನು ತೋರಿಸುತ್ತ ಕಥೆಯನ್ನು ಕನ್ನಡದಲ್ಲಿ ಹೇಳಿ. ಚಂದ್ರ ಕಂಡ ಮೇಲಷ್ಟೇ ಹಬ್ಬ ಗೊತ್ತಾಗುವ ಮನೆಗಳುಂಟು, ಆದ್ದರಿಂದ ದಿನವನ್ನು ಗೆಳತಿಯ ತಾಯಿಯ ಬಳಿ ಮುನ್ನಾದಿನ ರಾತ್ರಿ ಇನ್ನೊಮ್ಮೆ ಕೇಳಿ ಹೊರಡಿ.